ತರಗತಿಯ ಬೆಂಚಿನಲ್ಲಿ ರೂಪುಗೊಳ್ಳುವ ಮನಸ್ಸು

ಕ್ರೈಸ್ತ ಕಾಲೇಜು ತನ್ನ ವಿದ್ಯಾರ್ಥಿಗಳನ್ನು ಹೇಗೆ ರೂಪಿಸುತ್ತದೆ ಎಂಬುದಕ್ಕೆ ಉತ್ತರವನ್ನು ಪ್ರಾರ್ಥನಾ ಮಂದಿರಕ್ಕಿಂತ ಮೊದಲು ತರಗತಿಯಲ್ಲೇ ಹುಡುಕಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. 1818ರಲ್ಲಿ ಕ್ರೈಸ್ತ ಮಿಷನರಿಗಳಾದ ವಿಲಿಯಂ ಕೇರಿ, ಜೋಶುವಾ ಮಾರ್ಷ್‌ಮನ್ ಮತ್ತು ವಿಲಿಯಂ ವಾರ್ಡ್ ಬಂಗಾಳದ ಸೆರಾಂಪುರದಲ್ಲಿ ಸ್ಥಾಪಿಸಿದ ಕಾಲೇಜು ಜಾತಿ, ಮತಗಳ ಭೇದವಿಲ್ಲದೆ ವಿದ್ಯಾರ್ಥಿಗಳಿಗೆ ಬಾಗಿಲು ತೆರೆದದ್ದು ಆ ಕಾಲಕ್ಕೆ ಸಣ್ಣ ಮಾತೇನಲ್ಲ. ಒಂದೇ ಬೆಂಚಿನಲ್ಲಿ ಕುಳಿತು ಕಲಿತವರು ಮುಂದೆ ಪರಸ್ಪರರನ್ನು ಕೀಳಾಗಿ ಕಾಣುವುದು ಕಷ್ಟ. ಕಡ್ಡಾಯದ ಬೈಬಲ್ ತರಗತಿಯಿಂದ ಅಂಕ ಬಂದೀತು, ಗುಣ ಬರುವುದಿಲ್ಲ. ಆದರೆ ಕಲಿಕೆಯಲ್ಲಿ ಹಿಂದುಳಿದ ವಿದ್ಯಾರ್ಥಿಯ ಉತ್ತರಪತ್ರಿಕೆಯನ್ನು ಸಂಜೆ ಎದುರಿಗಿಟ್ಟುಕೊಂಡು, ಪ್ರತಿ ತಪ್ಪಿನ ಪಕ್ಕದಲ್ಲೂ ಪೆನ್ಸಿಲಿನಿಂದ ಸರಿಯಾದ ಹೆಜ್ಜೆಯನ್ನು ಬರೆದು ತೋರಿಸುವ ಅಧ್ಯಾಪಕರಲ್ಲಿ ಕ್ರೈಸ್ತ ನಂಬಿಕೆ ಏನೆಂಬುದು ಯಾವ ಧರ್ಮದ ವಿದ್ಯಾರ್ಥಿಗಾದರೂ ಅರ್ಥವಾಗುತ್ತದೆ. ಅಂಥ ಅಧ್ಯಾಪಕರನ್ನು ಆರಿಸಿ ಉಳಿಸಿಕೊಳ್ಳುವುದೇ ಆಡಳಿತ ಮಂಡಳಿಗಳ ಮೊದಲ ಕೆಲಸವಾಗಬೇಕು.