ಗಾಲ್ಫ್ ಸಿಮ್ಯುಲೇಟರ್ ರೂಮ್: ವಾಪಸ್ ಬರುತ್ತಿದ್ದ ಚೆಂಡಿಗೆ ಕಂಬಳಿ ಮದ್ದು

ಕೊನೆಗೂ ನಿಂತಿತು, ಮನೆಯ ಗಾಲ್ಫ್ ಸಿಮ್ಯುಲೇಟರಿನಲ್ಲಿ (ಬಟ್ಟೆಯ ಸ್ಕ್ರೀನಿನ ಮೇಲೆ ಮೂಡುವ ಮೈದಾನದತ್ತ ನಿಜವಾದ ಚೆಂಡು ಹೊಡೆಯುವ ಏರ್ಪಾಡು) ಚೆಂಡು ವಾಪಸ್ ಬರುವ ಕಾಟ! ಬಲಗಡೆ ಹೊಡೆದ ಚೆಂಡು ಸ್ಕ್ರೀನಿಗೆ ತಾಗಿ, ಅಲ್ಲೇ ಕೆಳಗೆ ಬಿದ್ದು, ಸ್ವಲ್ಪ ಉರುಳಿ ಸುಮ್ಮನಾಗುತ್ತಿದೆ. ಖುಷಿಗೆ ನಿನ್ನೆ ರಾತ್ರಿ ಊಟ ಆದ ಮೇಲೂ ಹೊಡೆದೆ, ಇವತ್ತು ಕಾಫಿಗೆ ಮುಂಚೆಯೂ ಹೊಡೆದೆ.

ಫ್ರೇಮ್, ಪ್ರೊಜೆಕ್ಟರ್, ಯುಪಿಎಸ್ ಎಲ್ಲ ನಿಮಗೆ ಗೊತ್ತಿರುವುದೇ, ಬಿಡುತ್ತೇನೆ. ತುಮಕೂರಿನ ಬಟವಾಡಿ ಕಡೆಯ ನಮ್ಮ ಮನೆಯ ಮಹಡಿ ರೂಮು, 17 ಅಡಿ ಉದ್ದ. ಚೆಂಡಿನ ವೇಗ, ದಿಕ್ಕು ಅಳೆಯುವ ಲಾಂಚ್ ಮಾನಿಟರ್ ಗಾರ್ಮಿನ್ ಆರ್10, ರಾಡಾರ್‌ನದು. ಅದು ಚೆಂಡಿನ ಹಿಂದೆ 6ರಿಂದ 8 ಅಡಿ ದೂರದಲ್ಲಿ ಕೂರಬೇಕು. ಮುಂದೆ ಚೆಂಡು ಹಾರಲು ಕನಿಷ್ಠ 8 ಅಡಿ ಬೇಕು. ಲೆಕ್ಕ ಹಾಕಿ, ಸ್ಕ್ರೀನಿನ ಹಿಂದೆ ಗೋಡೆವರೆಗೆ ಉಳಿಯುವುದು ಒಂದಡಿ ಚಿಲ್ಲರೆ.

ತಲೆ ತಿಂದಿದ್ದು ಇದು: ನಡುವೆ ಅಥವಾ ಎಡಗಡೆ ಹೊಡೆದರೆ ಚೆಂಡು ನೆಟ್ಟಗೆ ಕೆಳಗೆ ಬೀಳುತ್ತಿತ್ತು. ಸ್ವಲ್ಪ ಬಲಕ್ಕೆ ಹೋಯಿತೋ, ಮೊಣಕಾಲಿನ ಎತ್ತರಕ್ಕೆ ಜೋರಾಗಿ ವಾಪಸ್. ಸ್ಕ್ರೀನ್ ಮಾರಿದವರನ್ನು ಕೇಳಿದರೆ "ಇನ್ನೂ ಬಿಗಿಯಾಗಿ ಕಟ್ಟಿ ಸಾರ್" ಅಂದರು. ಬಿಗಿ ಮಾಡಿದರೆ ಎಲ್ಲ ಕಡೆಯಿಂದಲೂ ವಾಪಸ್ ಬರತೊಡಗಿತು. ಸಡಿಲ ಮಾಡಿದರೆ ಸ್ಕ್ರೀನಿನಲ್ಲಿ ಮೂಡುವ ಫೇರ್‌ವೇ (ಮೈದಾನದ ಹುಲ್ಲುಹಾದಿ) ತುಂಬ ಸುಕ್ಕು, ಬಲಗಡೆಯ ಕಾಟ ಮಾತ್ರ ಹಾಗೇ ಇತ್ತು. ಮೂರು ಪದರದ ಬಟ್ಟೆ ಅಂತ ದುಡ್ಡು ತಗೊಂಡಿದ್ದರು. ಅಂಚಿನ ಹೊಲಿಗೆ ಬಿಚ್ಚಿ ನೋಡಿದರೆ ಎರಡೇ ಪದರ! ಈಗ ಫೋನ್ ಎತ್ತುತ್ತಿಲ್ಲ. ಇಂಥವರಿಂದಲೇ ಈ ಹವ್ಯಾಸಕ್ಕೆ ಹೊಸಬರು ಬರಲು ಹೆದರುವುದು.

ಕೊನೆಗೆ ಫೋನನ್ನು ಪಕ್ಕದಲ್ಲಿ ನಿಲ್ಲಿಸಿ, ಸೆಕೆಂಡಿಗೆ 240 ಫ್ರೇಮಿನಲ್ಲಿ ಸ್ಲೋ ಮೋಷನ್ ತೆಗೆದೆ. ಆಗ ಎಲ್ಲ ಗೊತ್ತಾಯಿತು. ಚೆಂಡು ತಾಗಿದ ಜಾಗದಲ್ಲಿ ಬಟ್ಟೆ ಹಿಂದಕ್ಕೆ ಉಬ್ಬುತ್ತಾ ಹೋಗುತ್ತದೆ, ಸ್ಕ್ರೀನನ್ನು ಫ್ರೇಮಿಗೆ ಕಟ್ಟಿರುವ ಬಂಜಿ (ಎಲಾಸ್ಟಿಕ್) ಹಗ್ಗಗಳು ಒಂದೊಂದಾಗಿ ಎಳೆದುಕೊಳ್ಳುತ್ತವೆ, ಚೆಂಡು ನಿಧಾನವಾಗುತ್ತದೆ. ಬಲಗಡೆ ಮಾತ್ರ ಆ ಉಬ್ಬಿನ ತುದಿ ಹಿಂದಿನ ಪಿಲ್ಲರಿಗೆ ಹೋಗಿ ಬಡಿಯುತ್ತದೆ. ನಮ್ಮ ಕಡೆ ನಾಲ್ಕೂವರೆ ಇಂಚಿನ ಗೋಡೆ, 9 ಇಂಚಿನ ಪಿಲ್ಲರ್, ಹಾಗಾಗಿ ಪಿಲ್ಲರ್ ರೂಮಿನೊಳಕ್ಕೆ ಚಾಚಿಕೊಂಡಿರುವುದು ಮಾಮೂಲು ಅಲ್ವಾ. ಒಂದಡಿ ಜಾಗ ಅಲ್ಲಿ ಹತ್ತು ಇಂಚೂ ಇಲ್ಲ.

ಗಾಲ್ಫ್ ಚೆಂಡಿನ ತೂಕ ಹೆಚ್ಚೆಂದರೆ 45.93 ಗ್ರಾಂ. ಆದರೆ ಗಂಟೆಗೆ 200 ಕಿ.ಮೀ. ವೇಗದಲ್ಲಿ ಅದರ ಶಕ್ತಿ ಸುಮಾರು 70 ಜೂಲ್, ಅಂದರೆ 7 ಕೆ.ಜಿ. ಕಲ್ಲನ್ನು ಒಂದು ಮೀಟರ್ ಮೇಲಿಂದ ಬಿಟ್ಟಷ್ಟು. ಬಟ್ಟೆಗೆ ಹಿಂದೆ ಹೋಗಲು ಜಾಗ ಇದ್ದರೆ ಆ ಶಕ್ತಿ ನೇಯ್ಗೆಯಲ್ಲಿ, ಹಗ್ಗದಲ್ಲಿ ಕರಗಿಹೋಗುತ್ತದೆ. ಕಾಂಕ್ರೀಟ್ ಅಡ್ಡ ಬಂದರೆ ಚೆಂಡಿನ ಒಳಗಿನ ರಬ್ಬರ್ ಅಮುಕಿ ಪುಟಿಯುತ್ತದೆ, ಅದನ್ನು ಮಾಡಿರುವುದೇ ಪುಟಿಯಲಿ ಅಂತ. ಸ್ಕ್ರೀನ್ ಮುಂದಕ್ಕೆ ತರೋಣ ಅಂದರೆ ರಾಡಾರಿನ 8 ಅಡಿಗೆ ಕತ್ತರಿ.

ತೆಂಗಿನ ಸೀಮೆಯಲ್ಲಿದ್ದೇವೆ, ನಾರಿಗೆ ಬರವೇ? ಮಂಡಿಪೇಟೆಗೆ ಹೋಗಿ ಹಾಸಿಗೆಗೆ ಹಾಕುವ ರಬ್ಬರ್ ಲೇಪದ ನಾರಿನ ಶೀಟ್ ತಂದು ಪಿಲ್ಲರಿಗೆ ಅಂಟಿಸಿದೆ. ಸದ್ದು ಕಡಿಮೆಯಾಯಿತು, ಚೆಂಡು ಮಾತ್ರ ಬರುತ್ತಲೇ ಇತ್ತು. ಅದೂ ಒಂದು ಸ್ಪ್ರಿಂಗೇ, ಅಮುಕಿದರೆ ಎದ್ದು ನಿಲ್ಲುತ್ತದೆ.

ಆಮೇಲೆ ಹೊಳೆದದ್ದು ಅಟ್ಟದಲ್ಲಿದ್ದ ಚಳ್ಳಕೆರೆ ಕಂಬಳಿ. ಒಮ್ಮೆಯೂ ನೀರು ಕಾಣದ ಕಂಬಳಿ, ನೇಯುವಾಗ ಹಾಕಿದ ಹುಣಸೆಬೀಜದ ಗಂಜಿಗೆ ಸೆಟೆದು ನಿಂತಿತ್ತು. ರಾತ್ರಿಯಿಡೀ ನೆನೆಸಿ ಒಗೆದ ಮೇಲೆ ಮೆತ್ತಗಾಯಿತು, ತೂಕ ಹಾಗೇ ಉಳಿಯಿತು. ಪಿಲ್ಲರಿಗೆ ಅಂಟಿಸಲಿಲ್ಲ. ಅದರ ಮುಂದೆ ಮೂರು ಇಂಚು ಬಿಟ್ಟು, ಮೇಲಿನ ಪೈಪಿಗೆ ನೆರಿಗೆ ನೆರಿಗೆಯಾಗಿ ಇಳಿಬಿಟ್ಟೆ, ಕೆಳಗೆ ಏನೂ ಕಟ್ಟಿಲ್ಲ. ಇದೇ ಮುಖ್ಯ. ಕಟ್ಟದೆ ಇಳಿಬಿಟ್ಟ ಭಾರದ ಬಟ್ಟೆ ಪೆಟ್ಟು ಬಿದ್ದಾಗ ತಾನೇ ಸರಿಯುತ್ತದೆ, ಚೆಂಡಿನ ವೇಗ ಕಂಬಳಿಯನ್ನು ತಳ್ಳುವುದರಲ್ಲೇ ಮುಗಿಯುತ್ತದೆ. ವಾಪಸ್ ತಳ್ಳಲು ಅದರಲ್ಲಿ ಏನೂ ಇಲ್ಲ. ಮೊದಲಿನ 'ಢಬ್' ಹೋಗಿ 'ದುಪ್' ಅಂತ ಕೇಳುತ್ತಿದೆ, ಪಕ್ಕದ ಮನೆಯವರಿಗೂ ನೆಮ್ಮದಿ. ಇನ್ನೊಂದು ಮಾತು, ವೆಜ್ (ಚೆಂಡನ್ನು ಎತ್ತರಕ್ಕೆ ಎತ್ತುವ ಗಾಲ್ಫ್ ಕೋಲು) ತಾಗಿ ತರಚಿದ ಚೆಂಡನ್ನು ಸುಮ್ನೆ ಒಳಗೆ ಬಿಡಬೇಡಿ, ಸ್ಕ್ರೀನಿನ ಎಳೆ ಕಿತ್ತುಹೋಗುತ್ತದೆ.

ನಾರಿನ ಶೀಟ್ ದಂಡವಾಗಲಿಲ್ಲ. ಹೊಡೆಯುವ ಮ್ಯಾಟ್ ಕೆಳಗೆ ಹಾಕಿದೆ, ಸಿಮೆಂಟ್ ನೆಲದ ಪೆಟ್ಟು ಮೊಣಕೈಗೆ ಬರುವುದು ತುಂಬ ಕಡಿಮೆಯಾಗಿದೆ.

ಅದೇ ಶೀಟ್ ನೋಡುತ್ತಾ ಮುಂದಿನ ಕೆಲಸ ತಲೆಗೆ ಬಂತು: ತಾರಸಿ ಮೇಲೆ ಪಟ್ಟಿಂಗ್ ಗ್ರೀನ್, ಅಂದರೆ ಚೆಂಡನ್ನು ಕುಳಿಗೆ ಉರುಳಿಸಿ ಅಭ್ಯಾಸ ಮಾಡುವ ಹುಲ್ಲುಹಾಸು. ಮಳೆನೀರಿಗೆ ಬಿಟ್ಟ ಇಳಿಜಾರು ಇದ್ದೇ ಇದೆ, ಬ್ರೇಕ್ (ಇಳಿಜಾರಿಗೆ ಚೆಂಡು ತಿರುಗುವುದು) ಓದಲು ಒಳ್ಳೆಯ ಅಭ್ಯಾಸ. ಹುಲ್ಲಿನ ಮೇಲೆ ಚೆಂಡು ಎಷ್ಟು ದೂರ ಉರುಳುತ್ತದೆ ಅಂತ ನೋಡಿ ಗ್ರೀನಿನ ವೇಗ ಅಳೆಯುವ ಸ್ಟಿಂಪ್‌ಮೀಟರನ್ನು ಬಡಗಿಯವರಿಂದಲೇ ಮಾಡಿಸುತ್ತೇನೆ. ಎಡ್ವರ್ಡ್ ಸ್ಟಿಂಪ್ಸನ್ 1935ರಲ್ಲಿ ಮಾಡಿದ ಮೊದಲನೆಯದೂ ಮರದ್ದೇ. 36 ಇಂಚಿನ ಪಟ್ಟಿ, 30 ಇಂಚಿನಲ್ಲಿ ಚೆಂಡು ಕೂರುವ ಕಚ್ಚು, ಸುಮಾರು 20 ಡಿಗ್ರಿ ಎತ್ತಿದಾಗ ಚೆಂಡು ತಾನೇ ಉರುಳಬೇಕು. ತೊಂದರೆ ಟರ್ಫಿನದು, ಅಂದರೆ ಕೃತಕ ಹುಲ್ಲಿನದು. ಇಲ್ಲಿ ಯಾರನ್ನು ಕೇಳಿದರೂ ಬಾಲ್ಕನಿಗೆ ಹಾಸುವ 35 ಎಂಎಂ ಹುಲ್ಲನ್ನೇ ತೋರಿಸುತ್ತಾರೆ, ಅದರಲ್ಲಿ ಚೆಂಡು ಮುಳುಗುತ್ತದೆ. ನನಗೆ ಬೇಕಿರುವುದು 10ರಿಂದ 15 ಎಂಎಂ, ಒತ್ತಾದ ನೈಲಾನ್. ಪೂರ್ತಿ ರೋಲ್ ತಗೊಳ್ಳಿ ಅನ್ನದೆ ಕತ್ತರಿಸಿ ಕೊಡುವವರು ಯಾರಾದರೂ ಗೊತ್ತಿದ್ದರೆ ತಿಳಿಸಿ, ತುಮಕೂರೇ ಆಗಬೇಕೆಂದಿಲ್ಲ.