ಶ್ರೀಲಂಕಾ ಹೋಗೋರು ಎರಡು ದಿನ ಅನುರಾಧಪುರದಲ್ಲಿ ಉಳ್ಕೊಳ್ಳಿ

ನಾವು ಕೋಲಾರದವ್ರು. ನಾನು, ನಮ್ಮನೆಯವಳು, ಅಮ್ಮ ಮೂರು ಜನ 2025ರ ಫೆಬ್ರವರಿಯಲ್ಲಿ ಎಂಟು ದಿನ ಶ್ರೀಲಂಕಾ ಹೋಗಿ ಬಂದ್ವಿ. 2022ರಲ್ಲಿ ದಿವಾಳಿ ಆದ ದೇಶ ಅಲ್ವಾ, ಹೆಂಗೆ ಬದುಕ್ತಾರೆ ಅಂತ ಊರಲ್ಲಿ ಎಲ್ರೂ ಕೇಳ್ತಾರೆ, ಅದಕ್ಕೇ ಬರೀತಿದೀನಿ.

ದಾರಿ ಸುಲಭ. ನರಸಾಪುರ, ಹೊಸಕೋಟೆ ಮೇಲೆ ದೇವನಹಳ್ಳಿ ಏರ್ಪೋರ್ಟು, ಅಲ್ಲಿಂದ ಡೈರೆಕ್ಟ್ ಫ್ಲೈಟಲ್ಲಿ ಕೊಲಂಬೋ ಒಂದೂವರೆ ಗಂಟೆ. ಇಟಿಎ ಅಂದ್ರೆ ಆ ದೇಶದೊಳಗೆ ಹೋಗಕ್ಕೆ ಆನ್‌ಲೈನ್ ಪರ್ಮಿಟ್ಟು, ಮುಂಚೇನೇ ಮಾಡಿಸ್ಕೊಳ್ಳಿ, ಅವರ ಸರ್ಕಾರಿ ಸೈಟಲ್ಲೇ. ನಮ್ಮ ಒಂದು ರೂಪಾಯಿಗೆ ಅವರದ್ದು ಮೂರೂವರೆ ಹತ್ರ ಸಿಗ್ತಿತ್ತು, ಹಂಗಂತ ಅಗ್ಗ ಅನ್ಕೋಬೇಡಿ, ಲೆಕ್ಕ ಹಾಕಿ ನೋಡಿದ್ರೆ ತರಕಾರಿ, ಹೋಟೆಲ್ ಊಟ ಎಲ್ಲಾ ನಮ್ಮೂರಿಗಿಂತ ಜಾಸ್ತಿನೇ. ಯುಪಿಐ ಕೆಲವು ಕಡೆ ನಡಿಯತ್ತೆ, ಹಳ್ಳಿ ಕಡೆ ಹೋಗೋರು ಕ್ಯಾಶ್ ಇಟ್ಕೊಳ್ಳಿ. ಬಸ್ಸಲ್ಲಿ ಮುಂದಿನ ಸೀಟು ಬೌದ್ಧ ಭಿಕ್ಷುಗಳಿಗೆ, ಖಾಲಿ ಇದೆ ಅಂತ ಕೂತ್ಕೋಬೇಡಿ.

ಕೊಲಂಬೋದಿಂದ ಬಸ್ಸಲ್ಲಿ ಐದಾರು ಗಂಟೆ ಅನುರಾಧಪುರ, ಅವರ ಹಳೇ ಕಾಲದ ರಾಜಧಾನಿ. ತಿಸ್ಸಾ ವೆವಾ ಹತ್ರ ಒಂದು ಮನೇಲಿ ರೂಮ್ ತಗೊಂಡಿದ್ವಿ. ವೆವಾ ಅಂದ್ರೆ ಕೆರೆ. ಸುಮಾರು 1500 ವರ್ಷದ ಹಿಂದೆ ಧಾತುಸೇನ ರಾಜ ಕಲಾ ವೆವಾ ಕಟ್ಟಿಸಿ ಅಲ್ಲಿಂದ ಈ ಕೆರೆಗೆ 87 ಕಿಲೋಮೀಟರ್ ಕಾಲುವೆ ತಂದಿದಾನೆ, ಇವತ್ತಿಗೂ ನೀರು ಹರೀತಿದೆ. ನಮ್ಮ ಜಿಲ್ಲೆಲೂ ಸಾವಿರಗಟ್ಟಲೆ ಕೆರೆ ಕಟ್ಟಿದ್ರು, ಆದ್ರೆ ರಾಜಕಾಲುವೆ ಮುಚ್ಕೊಂಡು, ಕೆರೆ ಒತ್ತುವರಿ ಆಗಿ, ಬೋರು 1500 ಅಡಿ ಕೊರೆದ್ರೂ ಧೂಳು ಬರೋ ಹಂಗಾಯ್ತು, 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರು ಶುದ್ಧ ಮಾಡಿ ಬಿಟ್ಟ ಮೇಲೇನೇ ಕೆರೆ ತುಂಬಿದ್ದು ನೋಡಿದ್ದು. ಅಲ್ಲಿ ಮಳೆ ನಮಗಿಂತ ಜಾಸ್ತಿ, ಅದು ನಿಜ. ಆದ್ರೆ ಕಾಲುವೆ ಇವತ್ತಿಗೂ ಕಾಪಾಡ್ಕೊಂಡಿದಾರಲ್ಲ, ಅದು ನೋಡಿ ನಂಗೆ ಹೊಟ್ಟೆ ಉರೀತು. ಸಂಜೆ ಏರಿ ಮೇಲೆ ಕೂತಿದ್ದ ಅಮ್ಮ ಕತ್ತಲಾದ್ರೂ ಎದ್ದು ಬರ್ಲಿಲ್ಲ.

ಆ ಮನೆ ಯಜಮಾನಿಗೂ ನಮ್ಮಮ್ಮನಿಗೂ ಒಂದೇ ವಯಸ್ಸು, 66. ಆಯಮ್ಮ ದಿನಾ ಬೆಳಗ್ಗೆ ಸಿಂಹಳ ಪೇಪರ್ ಓದ್ತಾರೆ, ನಮ್ಮಮ್ಮಂಗೆ ಸೈನ್ ಮಾಡಕ್ಕೆ ಮಾತ್ರ ಬರತ್ತೆ. ಅಲ್ಲಿ 1945ರಿಂದ ಓದು ಫ್ರೀ, ಹೆಣ್ಮಕ್ಳಿಗೂ ಅಷ್ಟೇ. ಅವರ ಯಜಮಾನ್ರಿಗೆ ಹಾರ್ಟ್ ಆಪರೇಷನ್ ಸರ್ಕಾರಿ ಆಸ್ಪತ್ರೇಲಿ ಆಗಿದ್ದಂತೆ, ಬಿಲ್ ಇಲ್ಲ, ತಿಂಗಳುಗಟ್ಟಲೆ ಕಾದ್ರಂತೆ ಅಷ್ಟೇ. ನಮ್ಮ ಚಿಕ್ಕಪ್ಪಂಗೆ ಅದೇ ಆಪರೇಷನ್‌ಗೆ ಅರ್ಧ ಎಕರೆ ಮಾರಿದ್ವಿ. ಜನರ ಓದು, ಆಯಸ್ಸು, ಆದಾಯ ನೋಡಿ ವಿಶ್ವಸಂಸ್ಥೆ ಮಾಡೋ ಮಾನವ ಅಭಿವೃದ್ಧಿ ಪಟ್ಟೀಲಿ 2023ರ ಲೆಕ್ಕಕ್ಕೆ ಶ್ರೀಲಂಕಾ 89ನೇ ಸ್ಥಾನ, ನಾವು 130. ಆ ಅಂತರ ಏನು ಅಂತ ನಂಗೆ ಅರ್ಥ ಆಗಿದ್ದು ಆ ಮನೇಲಿ.

ಎಲ್ಲಾ ಅಲ್ಲೇ ಚೆನ್ನಾಗಿದೆ ಅಂತಲೂ ಹೇಳಲ್ಲ. ಟೀ ಕೊಟ್ಟಿದ್ದು ಹಾಲಿನ ಪುಡಿ ಹಾಕಿ, ಹೊರದೇಶದಿಂದ ಬರೋ ಪುಡಿ, 2022ರಲ್ಲಿ ಒಂದು ಪ್ಯಾಕೆಟ್‌ಗೆ ಬೆಳಗ್ಗೆಯಿಂದ ಕ್ಯೂ ನಿಂತಿದ್ರಂತೆ, ಮಾತ್ರೆ ಕೂಡ ಆಸ್ಪತ್ರೇಲಿ ಇಲ್ದೆ ಹೊರಗಡೆ ತಂದಿದ್ರಂತೆ. ನಮ್ಮಲ್ಲಿ ಹಳ್ಳಿ ಹಳ್ಳಿಗೂ ಡೈರಿ ಇದೆ, ಎರಡು ಹಸು ಇದ್ರೆ ಮನೆ ಹೆಂಗೋ ನಡಿಯತ್ತೆ ಅಂತ ಅಮ್ಮ ಹೇಳಿದ್ದನ್ನ ನಾವು ಇಂಗ್ಲಿಷಲ್ಲಿ ಹೇಳಿದ್ವಿ, ಅವರ ಮಗಳು ಅದನ್ನ ಸಿಂಹಳಕ್ಕೆ ಮಾಡಿ ಹೇಳಿದ್ಲು, ಆಯಮ್ಮ ಎರಡೆರಡು ಸಲ ಕೇಳಿದ್ರು. 2021ರಲ್ಲಿ ಸರ್ಕಾರ ರಾಸಾಯನಿಕ ಗೊಬ್ಬರ ಒಂದೇ ಏಟಿಗೆ ನಿಲ್ಲಿಸ್ದಾಗ ಅವರ ಗದ್ದೇಲಿ ಭತ್ತ ಅರ್ಧಕ್ಕೆ ಇಳೀತಂತೆ. ಮಗ ಇವಾಗ ಗಲ್ಫಲ್ಲಿದಾನೆ.

ಕುಡಿಯೋ ನೀರು ಮಾತ್ರ ಹುಷಾರು. ಆ ಭಾಗದಲ್ಲಿ ರೈತರಿಗೆ ಕಿಡ್ನಿ ಕಾಯಿಲೆ ಬಹಳ, ಕಾರಣ ಇಂಥದ್ದೇ ಅಂತ ಇನ್ನೂ ಗಟ್ಟಿಯಾಗಿಲ್ಲ, ಬಾವಿ ನೀರಿನ ಮೇಲೂ ಅನುಮಾನ ಇದೆ. ಅದಕ್ಕೇ ಊರೂರಲ್ಲೂ ಆರ್‌ಒ ಘಟಕ, ನಮ್ಮಲ್ಲಿ ಫ್ಲೋರೈಡ್‌ಗೆ ಹಾಕಿರೋ ಥರಾನೇ. ಕ್ಯಾನ್ ನೀರೇ ಕುಡೀರಿ.

ವೆಜ್ ತಿನ್ನೋರು ಸಂಬೋಲ್ ಅಂದ್ರೆ ಬರೀ ಕಾಯಿ ಚಟ್ನಿ ಅನ್ಕೋಬೇಡಿ, ಒಣಮೀನು ಹಾಕಿರ್ತಾರೆ, ಕೇಳಿ ತಿನ್ನಿ. ಶಾವಿಗೆ, ಪರಿಪ್ಪು ಅಂದ್ರೆ ಬೇಳೆ, ಅದರಲ್ಲೇ ಅಮ್ಮ ಎಂಟು ದಿನ ಕಳೆದ್ರು. ಅನುರಾಧಪುರದ ಮಹಾಬೋಧಿ ಅನ್ನೋ ಪವಿತ್ರ ಅರಳಿಮರದ ಹತ್ರ ಚಪ್ಪಲಿ ಬಿಡ್ಬೇಕು, ಮಧ್ಯಾಹ್ನ ಕಲ್ಲು ಕಾದಿರತ್ತೆ, ಬೆಳಗ್ಗೆನೇ ಹೋಗಿ, ಬಿಳಿ ಬಟ್ಟೆ ಹಾಕ್ಕೊಂಡ್ರೆ ಒಳ್ಳೇದು. ಸಿಗಿರಿಯಾ ಬಂಡೆ ಕೋಟೇಲಿ ಪಾಸ್‌ಪೋರ್ಟ್ ತೋರಿಸಿದ್ರೆ ಸಾರ್ಕ್ ಅಂದ್ರೆ ನಮ್ಮ ದಕ್ಷಿಣ ಏಷ್ಯಾ ಕೂಟದ ದೇಶದವ್ರಿಗೆ ರೇಟು ಕಮ್ಮಿ, 1200 ಮೆಟ್ಲು, ಮಂಡಿನೋವು ಇರೋರನ್ನ ಹತ್ತಿಸ್ಬೇಡಿ. ತಮಿಳು ಬರೋ ಕೆಜಿಎಫ್ ಕಡೆಯವ್ರಿಗೆ ಕೊಲಂಬೋದಲ್ಲಿ ಅನುಕೂಲ, ಅನುರಾಧಪುರದಲ್ಲಿ ಜಾಸ್ತಿ ಸಿಂಹಳನೇ. ಆದ್ರೂ ಅಕ್ಕ ಅಂದ್ರೆ ಅಲ್ಲೂ ಅಕ್ಕನೇ, ಅಮ್ಮ ಅಂದ್ರೆ ಅಮ್ಮನೇ, ಅವರಿಬ್ಬರೂ ಒಬ್ಬರನ್ನೊಬ್ರು ಅಕ್ಕ ಅಕ್ಕ ಅಂತಲೇ ಕರ್ಕೊಂಡು ಅಡುಗೆಮನೇಲಿ ಕೂತಿರ್ತಿದ್ರು. ಹುಣ್ಣಿಮೆ ದಿನ ಅಲ್ಲಿ ರಜೆ, ಅಂಗಡಿ ಬಹಳಷ್ಟು ಮುಚ್ಚಿರತ್ತೆ, ಅನುರಾಧಪುರದಲ್ಲಿ ಜನವೋ ಜನ, ರೂಮ್ ಮುಂಚೇನೇ ಹೇಳಿಟ್ಕೊಳ್ಳಿ.