ಹುಳ ಕಾಣುವ ಕಣ್ಣಿಗೆ ಬೋರ್ಡು ಕಾಣದು

ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದರಿಂದ ಮೂರನೆಯ ತರಗತಿಯವರೆಗೆ ನಲಿಕಲಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿದ ಪದ್ಧತಿ. ಮಕ್ಕಳು ಸುತ್ತ ಕೂತು, ಕಾರ್ಡನ್ನು ಕೈಯಲ್ಲಿ ಹಿಡಿದು ಕಲಿಯುತ್ತಾರೆ. ಗೋಡೆಯ ತಳಭಾಗದ ಹಲಗೆಯ ಮುಂದೆ ಚಕ್ಕಂಬಕ್ಕಲ ಹಾಕಿ ಬರೆಯುತ್ತಾರೆ. ಎಲ್ಲವೂ ಕೈಗೆಟಕುವ ದೂರದಲ್ಲಿ. ನಾಲ್ಕನೆಯ ತರಗತಿಗೆ ಬರುತ್ತಲೇ ಬೆಂಚು, ದೊಡ್ಡ ಬೋರ್ಡು, ನಡುವೆ ಹತ್ತು ಹದಿನೈದು ಅಡಿ ಜಾಗ. ಮೂರು ವರ್ಷ ಚುರುಕಾಗಿದ್ದ ಮಗು ನಾಲ್ಕಕ್ಕೆ ಬಂದ ಮೇಲೆ ದಡ್ಡ ಎನಿಸಿಕೊಂಡರೆ ನನ್ನ ಅನುಮಾನ ಮೊದಲು ಹೋಗುವುದು ಆ ಹತ್ತು ಹದಿನೈದು ಅಡಿಯ ಮೇಲೆ.

ಶಿಡ್ಲಘಟ್ಟ ತಾಲ್ಲೂಕಿನ ಈ ಊರಿಗೆ ನಾನು ವರ್ಗವಾಗಿ ಬಂದಾಗ ಐದನೆಯ ತರಗತಿಯ ಒಬ್ಬ ಹುಡುಗನ ಬಗ್ಗೆ ಎಲ್ಲರದೂ ಒಂದೇ ಮಾತು: ಬಾಯಿ ಮುಚ್ಚಲ್ಲ, ಪಕ್ಕದವರನ್ನೂ ಓದಲು ಬಿಡಲ್ಲ. ಬಾಯಿ ಮುಚ್ಚುತ್ತಿರಲಿಲ್ಲ, ನಿಜ. ಆದರೆ ಅವನು ಮಾತಾಡುತ್ತಿದ್ದುದು ನಾನು ಬೋರ್ಡಿನ ಮೇಲೆ ಬರೆಯುವಾಗ ಮಾತ್ರ. ಕಥೆ ಹೇಳಿದರೆ ಕಣ್ಣು ಮಿಟುಕಿಸದೆ ಕೇಳುತ್ತಿದ್ದ, ಬಾಯಿಲೆಕ್ಕಕ್ಕೆ ಎಲ್ಲರಿಗಿಂತ ಮೊದಲು ಕೈ ಎತ್ತುತ್ತಿದ್ದ. ಅವನ ನೋಟ್‌ಬುಕ್ಕನ್ನು ಪಕ್ಕದವನ ನೋಟ್‌ಬುಕ್ಕಿನ ಜೊತೆ ಇಟ್ಟು ನೋಡಿದೆ. ಪಕ್ಕದವನು 3 ಬರೆಯಬೇಕಾದಲ್ಲಿ 8 ಬರೆದಿದ್ದರೆ ಇವನದೂ 8. ಅವನು ಬಿಟ್ಟ ಸಾಲು ಇವನೂ ಬಿಟ್ಟಿದ್ದಾನೆ. ಇವನ ಬೋರ್ಡು ಗೋಡೆಯ ಮೇಲಿರಲಿಲ್ಲ, ಪಕ್ಕದವನ ಪುಸ್ತಕದಲ್ಲಿತ್ತು. ಪಕ್ಕದವನು ಕೈ ಅಡ್ಡ ಇಟ್ಟರೆ ‘ಏನ್ ಬರ್ದವ್ರೆ, ಹೇಳೋ’ ಎನ್ನುತ್ತಿದ್ದ. ಅದೇ ಗಲಾಟೆ.

ಶಾಲೆಯ ಜಗಲಿಯಲ್ಲಿ ಟೇಪು ಹಿಡಿದು ಆರು ಮೀಟರ್ ಅಳೆದು ಗೆರೆ ಎಳೆದೆವು. ಗೋಡೆಗೆ ಇಂಗ್ಲಿಷಿನ ಇ (E) ಅಕ್ಷರದ ಚಾರ್ಟು. ಓದು ಬಾರದ ಮಗುವೂ ಬಾಚಣಿಗೆಯಂಥ ಆ ಇ-ಯ ಹಲ್ಲು ಯಾವ ಕಡೆಗಿದೆ ಎಂದು ಮೂರು ಬೆರಳಲ್ಲಿ ತೋರಿಸಬಹುದು. ಒಂದು ಕಣ್ಣು ಮುಚ್ಚಲು ಅಂಗೈ ಸಾಲದು, ಮಕ್ಕಳು ಬೆರಳ ಸಂದಿಯಿಂದ ಇಣುಕುತ್ತಾರೆ. ರಟ್ಟಿನ ತುಂಡನ್ನೇ ಹಿಡಿಯಬೇಕು. ಹುಡುಗ ಗೆರೆಯ ಮೇಲೆ ನಿಂತು ಎಲ್ಲಕ್ಕಿಂತ ಮೇಲಿನ ದೊಡ್ಡ ಇ ಒಂದನ್ನೇ ಗುರುತಿಸಿದ. ಅದಕ್ಕೆ 6/60 ಎನ್ನುತ್ತಾರೆ. ಸರಿಯಾದ ಕಣ್ಣು ಅರವತ್ತು ಮೀಟರಿನಿಂದ ಕಾಣುವುದನ್ನು ಇವನು ಆರು ಮೀಟರಿಗೆ ಬಂದು ಕಾಣಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬಂದ ದಿನ ಡಾಕ್ಟರು ಸಣ್ಣ ತೂತಿನ ಕಾರ್ಡಿನ ಮೂಲಕ ನೋಡಿಸಿದರು. ಇನ್ನೂ ಎರಡು ಸಾಲು ಕೆಳಗಿಳಿದ. ‘ತೂತಲ್ಲಿ ಕಾಣಿಸಿದ್ರೆ ಕನ್ನಡಕದಲ್ಲಿ ಕಾಣಿಸುತ್ತೆ ಮಿಸ್, ಕಳಿಸಿಕೊಡಿ’ ಎಂದರು.

ಅದೇ ದಿನ ಸಿಕ್ಕವಳು ಎರಡನೆಯ ತರಗತಿಯ ಹುಡುಗಿ. ಯಾರಿಗೂ ತೊಂದರೆ ಕೊಡದ, ಯಾರ ಗಮನಕ್ಕೂ ಬಾರದ ಮಗು. ಎಡಗಣ್ಣು ಮುಚ್ಚಿದರೆ ಕೊನೆಯ ಸಾಲಿನವರೆಗೆ ಸರಾಗ. ಬಲಗಣ್ಣು ಮುಚ್ಚಿದ್ದೇ ತಡ, ರಟ್ಟನ್ನು ತಳ್ಳಿದಳು, ಮುಖ ತಿರುಗಿಸಿದಳು, ಅಳುವುದಕ್ಕೇ ಶುರುಮಾಡಿದಳು. ಹಟ ಎಂದು ಬಿಟ್ಟುಬಿಡುವುದು ಬಹಳ ಸುಲಭ. ಅಲ್ಲೇ ನಿಲ್ಲಬೇಕು. ಒಳ್ಳೆಯ ಕಣ್ಣನ್ನು ಮುಚ್ಚಿದಾಗ ಮಾತ್ರ ಮಗು ಹಟ ಮಾಡಿದರೆ ಇನ್ನೊಂದು ಕಣ್ಣಿಗೆ ಕಾಣುತ್ತಿಲ್ಲ ಎಂದೇ ತಿಳಿಯಬೇಕು. ಎರಡೂ ಕಣ್ಣು ತೆರೆದೇ ನೋಡಿಸಿದ್ದರೆ ಅವಳು ಪಾಸಾಗಿ ಮನೆಗೆ ಹೋಗುತ್ತಿದ್ದಳು.

ಇಬ್ಬರನ್ನೂ ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೊರಟೆ. ಹುಡುಗನ ಅಪ್ಪ ಬೆಳಗ್ಗೆಯೇ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಬಂದಿದ್ದವರು ಬಸ್‌ಸ್ಟ್ಯಾಂಡಿನಲ್ಲಿ ಜೊತೆಯಾದರು. ಹುಡುಗಿಯ ಕಡೆಯಿಂದ ಅಜ್ಜಿ. ದಾರಿಯುದ್ದಕ್ಕೂ ಆ ಅಪ್ಪನದು ಒಂದೇ ವಾದ: ‘ಇವನ ಕಣ್ಣಿಗೇನಾಗೈತೆ ಮಿಸ್? ಹುಳ ಸಾಕೋ ಮನೇಲಿ ಹಾಲುತೊಂಡೆ ರೋಗ ಬಂದಿರೋ ಹುಳನ ಮೊದಲು ಹಿಡಿಯೋನೇ ಇವನು. ನಮ್ಗೆ ಕಾಣೋ ಹೊತ್ತಿಗೆ ಇವನು ಆರಿಸಿ ಆಚೆ ಹಾಕಿರ್ತಾನೆ.’ ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆ ಮಾತಿಗೆ ಉತ್ತರ ಕೊಟ್ಟವರು ಆಸ್ಪತ್ರೆಯಲ್ಲಿ ಕಣ್ಣು ಪರೀಕ್ಷಿಸುವ ಹುಡುಗಿ. ಪವರ್ ಮೈನಸ್ ಮೂರು ಬಂದಿತ್ತು. ಒಂದು ಮೀಟರನ್ನು ಮೂರರಿಂದ ಭಾಗಿಸಿ, ಸುಮಾರು 33 ಸೆಂಟಿಮೀಟರ್, ಅಲ್ಲಿವರೆಗೆ ಇವನಿಗೆ ಚೆನ್ನಾಗಿ ಕಾಣುತ್ತೆ, ಅದರಾಚೆಗೆಲ್ಲ ಮಂಜು ಎಂದು ಮೇಜಿನ ಮೇಲೆ ಸ್ಕೇಲು ಇಟ್ಟು ತೋರಿಸಿದಳು. ಅಪ್ಪ ಆ ಸ್ಕೇಲನ್ನೇ ತೆಗೆದುಕೊಂಡು ಮಗನ ಕಣ್ಣಿಗೂ ತನ್ನ ಅಂಗೈಗೂ ನಡುವೆ ಹಿಡಿದು ನೋಡಿದರು. ಹುಳದ ತಟ್ಟೆ ಮಂಜಿನ ಈಚೆಗಿತ್ತು, ಬೋರ್ಡು ಆಚೆಗೆ. ಆಮೇಲೆ ಅವರು ವಾದ ಮಾಡಲಿಲ್ಲ.

ಕಾಣದಿದ್ದರೆ ಹೇಳಬಾರದಾ ಎಂದು ಮಗನನ್ನು ಕೇಳಿದರು. ಏನೆಂದು ಹೇಳಿಯಾನು? ಎಲ್ಲರಿಗೂ ಹೀಗೇ ಕಾಣುತ್ತದೆ, ಉಳಿದವರು ತನಗಿಂತ ಜಾಣರು, ಅದಕ್ಕೇ ಓದುತ್ತಾರೆ ಎಂದು ಅವನು ನಂಬಿದ್ದ. ಇದು ನನ್ನನ್ನು ಈಗಲೂ ಕಾಡುತ್ತದೆ. ಕಣ್ಣಿನ ತೊಂದರೆ ನೋಯುವುದಿಲ್ಲ, ಜ್ವರ ತರುವುದಿಲ್ಲ. ಮಗು ಅದನ್ನು ತನ್ನ ದಡ್ಡತನ ಎಂದು ಒಪ್ಪಿಕೊಂಡು ಕೂತುಬಿಡುತ್ತದೆ.

ಹುಡುಗಿಗೆ ಕಣ್ಣಿಗೆ ಹನಿ ಹಾಕಿ ಬಹಳ ಹೊತ್ತು ಕೂರಿಸಿದರು. ಮಕ್ಕಳ ಕಣ್ಣು ಒಳಗೊಳಗೇ ಬಿಗಿಹಿಡಿದು ಪ್ಲಸ್ ಪವರನ್ನು ಮುಚ್ಚಿಡುತ್ತದಂತೆ, ಹನಿ ಆ ಬಿಗಿಯನ್ನು ಸಡಿಲಿಸುತ್ತದೆ. ಆಮೇಲೆ ಕತ್ತಲೆ ಕೋಣೆಯಲ್ಲಿ ಬೆಳಕಿನ ಗೆರೆಯನ್ನು ಕಣ್ಣಿನ ಮೇಲೆ ಆಡಿಸುತ್ತಾ ಗಾಜು ಬದಲಿಸಿ ಪವರ್ ಹಿಡಿಯುತ್ತಾರೆ. ಮಗು ಬಾಯಿಬಿಟ್ಟು ಏನನ್ನೂ ಹೇಳಬೇಕಾಗಿಲ್ಲ. ಬಲಗಣ್ಣು ಸರಿಯಿತ್ತು, ಎಡಗಣ್ಣಿಗೆ ಪ್ಲಸ್ ಐದು. ಕನ್ನಡಕದ ಗಾಜು ಇಟ್ಟರೂ ಆ ಕಣ್ಣು ಚಾರ್ಟಿನ ಮಧ್ಯದಲ್ಲೇ ನಿಂತುಹೋಯಿತು. ಅದಕ್ಕೆ ಸೋಮಾರಿ ಕಣ್ಣು ಎನ್ನುತ್ತಾರೆ. ಕಣ್ಣಿನಲ್ಲಿ ರೋಗವಿಲ್ಲ. ಚಿಕ್ಕಂದಿನಿಂದ ಆ ಕಡೆಯಿಂದ ಮಸುಕು ಚಿತ್ರವೇ ಬರುತ್ತಿದ್ದುದರಿಂದ ಮಿದುಳು ಅದನ್ನು ಕೈಬಿಟ್ಟಿದೆ. ಮೊದಲು ಕನ್ನಡಕ, ಕೆಲವು ವಾರ ಬಿಟ್ಟು ಒಳ್ಳೆಯ ಕಣ್ಣಿಗೆ ದಿನಕ್ಕೆ ಎರಡು ಗಂಟೆ ಪಟ್ಟಿ. ಏಳೆಂಟು ವರ್ಷದೊಳಗೆ ಶುರುಮಾಡಿದರೆ ಫಲ ಹೆಚ್ಚು, ತಡವಾದಷ್ಟೂ ಕಷ್ಟ ಎಂದರು ಡಾಕ್ಟರು. ಅವಳಿಗೆ ಏಳು ತುಂಬಿತ್ತು.

ಅಜ್ಜಿ ತೆಲುಗಿನಲ್ಲಿ ಗೊಣಗಿದರು, ‘ಇಂತ ಚಿನ್ನ ಪಿಲ್ಲಕಿ ಅದ್ದಾಲಾ?’ ಇಷ್ಟು ಚಿಕ್ಕ ಮಗುವಿಗೆ ಕನ್ನಡಕವಾ ಎಂದು. ಹೆಣ್ಣುಮಗು, ನಾಳೆ ನೋಡಲು ಬರುವವರು ಏನೆಂದಾರು, ಹಾಕುತ್ತಾ ಹೋದರೆ ನಂಬರು ಏರುತ್ತದಂತಲ್ಲ. ಕನ್ನಡಕ ಹಾಕುವುದರಿಂದ ನಂಬರು ಏರುವುದಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು. ಅಜ್ಜಿ ನಂಬಿದಂತೆ ಕಾಣಲಿಲ್ಲ. ಹನಿ ಹಾಕಿದ ಕಣ್ಣಿಗೆ ಬಿಸಿಲು ಚುಚ್ಚಿ ಮಗು ನನ್ನ ಸೆರಗಿನಲ್ಲಿ ಮುಖ ಹುದುಗಿಸಿಕೊಂಡೇ ಬಸ್ಸು ಹತ್ತಿದಳು.

ಕನ್ನಡಕ ಬಂದ ದಿನ ಹುಡುಗ ಕುಣಿದಾಡಲಿಲ್ಲ. ನೆಲ ಇಳಿಜಾರಾಗಿದೆ, ತಲೆ ತಿರುಗುತ್ತದೆ ಎಂದು ತೆಗೆದು ಜೇಬಿಗಿಟ್ಟ. ಒಗ್ಗಲು ಹಲವು ದಿನ ಬೇಕಾಯಿತು. ಒಗ್ಗಿದ ಮೇಲೆ ಮಾತು ನಿಂತಿತು, ಅದು ತಾನಾಗಿಯೇ ನಿಂತಿತು. ಆದರೆ ಓದು ತಾನಾಗಿ ಬರಲಿಲ್ಲ. ಎರಡು ವರ್ಷ ಬೋರ್ಡಿನ ಮೇಲೆ ಹಾದುಹೋದ ಭಾಗಾಕಾರ, ಒತ್ತಕ್ಷರಗಳ ಪಾಠ ಎಲ್ಲವೂ ಅವನ ಪಾಲಿಗೆ ನಡೆದೇ ಇರಲಿಲ್ಲ. ಶಿಬಿರದಲ್ಲಿ ಕನ್ನಡಕ ಹಂಚಿ ಫೋಟೊ ತೆಗೆಸಿಕೊಂಡರೆ ಕೆಲಸ ಮುಗಿಯಿತೆಂಬ ಭಾವನೆ ನಮ್ಮಲ್ಲಿದೆ. ನನ್ನ ಮಟ್ಟಿಗೆ ಕೆಲಸ ಅಲ್ಲಿಂದ ಶುರು. ಬಿಸಿಯೂಟದ ನಂತರ ಅವನನ್ನು ಕೂರಿಸಿಕೊಂಡು ನಾಲ್ಕನೆಯ ತರಗತಿಯ ಪುಸ್ತಕದಿಂದ ಮತ್ತೆ ಆರಂಭಿಸಿದ್ದೇನೆ. ಭಾಗಾಕಾರ ಈಗ ಬರುತ್ತದೆ. ಒತ್ತಕ್ಷರ ಇನ್ನೂ ತಡವರಿಸುತ್ತಾನೆ.

ಹುಡುಗಿಯದು ಇನ್ನೂ ಕಷ್ಟದ ದಾರಿ. ಪಟ್ಟಿ ಹಾಕಿದ ಎರಡು ಗಂಟೆ ಅವಳಿಗೆ ಕಾಣುವ ಕಣ್ಣನ್ನು ಕಿತ್ತುಕೊಂಡಂತೆ. ಸಿಡುಕುತ್ತಾಳೆ, ಪಕ್ಕದವರನ್ನು ಚಿವುಟುತ್ತಾಳೆ. ಮನೆಯಲ್ಲಿ ಪಟ್ಟಿ ನಿಲ್ಲುವುದಿಲ್ಲವೆಂದು ಶಾಲೆಯಲ್ಲೇ ಹಾಕುತ್ತೇವೆ. ಆ ಹೊತ್ತಿಗೆ ಬಣ್ಣ ತುಂಬುವುದು, ಮಣಿ ಪೋಣಿಸುವುದು, ಅವಳಿಗೆ ಇಷ್ಟವಾದ ಕೆಲಸ ಕೊಡುತ್ತೇನೆ. ಮೊದಲ ಮರುಪರೀಕ್ಷೆಯಲ್ಲಿ ಆ ಕಣ್ಣು ಒಂದು ಸಾಲು ಕೆಳಗಿಳಿದಿತ್ತು.

ಮೊನ್ನೆ ಅಜ್ಜಿ ಹಾಲಿನ ಡೇರಿಯಿಂದ ಬರುತ್ತಾ ಶಾಲೆಯ ಗೇಟಿನಲ್ಲಿ ನಿಂತರು. ಇವಳ ತಮ್ಮ ಅಂಗನವಾಡಿಯಲ್ಲಿದ್ದಾನೆ, ಟಿವಿ ಹತ್ತಿರ ಹೋಗಿ ನಿಲ್ಲುತ್ತಾನೆ, ಅವನನ್ನೂ ನೋಡಿಸಬೇಕಾ ಎಂದರು. ಒಡಹುಟ್ಟಿದವರಲ್ಲೂ ಇರಬಹುದು, ನೋಡಿಸಿ ಎಂದು ಆಸ್ಪತ್ರೆಯಲ್ಲೇ ಹೇಳಿದ್ದರು. ಅಂಗನವಾಡಿಗೆ ತಂಡ ವರ್ಷಕ್ಕೆ ಎರಡು ಸಲ ಬರುತ್ತದೆ. ಅಲ್ಲಿಯವರೆಗೆ ಕಾಯುವುದು ಬೇಡ, ಸೋಮವಾರ ಬೆಳಗಿನ ಬಸ್ಸಿಗೆ ಹುಡುಗನನ್ನು ಕರೆದುಕೊಂಡು ಬನ್ನಿ ಎಂದಿದ್ದೇನೆ.